ನಿಜ ಹೇಳುವ ಪೆಟ್ಟಿಗೆ

ಹಾಡು ರೆಕಾರ್ಡ್ ಮಾಡುವ ಕೋಣೆಯಲ್ಲಿ ನಗು ಬರಿಸುವಂಥದ್ದೇನೂ ನಡೆಯಲಿಲ್ಲವೆಂದರೆ ಅವತ್ತು ಕರೆಂಟು ಇರಲಿಲ್ಲ ಅಂತಲೇ ಅರ್ಥ.

ಸಿ.ಡಿ.ಗೆ ಇನ್ನೂ ಮರ್ಯಾದೆಯಿದ್ದ ಕಾಲ. ಹಿರಿಯೂರಿನ ನನ್ನ ರೆಕಾರ್ಡಿಂಗ್ ಕೋಣೆಯಲ್ಲಿದ್ದ ಹೈ-ಫೈ ಸ್ಪೀಕರುಗಳು ಬೀರುವಿನಷ್ಟೆತ್ತರ. ಅವಕ್ಕೆ ಬೇರೆಯದೇ ಆಂಪ್ಲಿಫೈಯರ್. ಹತ್ತು ಮೈಲಿ ಆಚೆ ಐಮಂಗಲದ ಹತ್ತಿರ ಲಾರಿಯವರು ಅವುಗಳ ತಬಲಾ ಸದ್ದು ಕೇಳಿ, ಟೈರು ಸಿಡಿಯಿತೆಂದು ಇಳಿದು ನೋಡುತ್ತಿದ್ದರು. ಉಳಿದದ್ದು ನೀವೇ ಊಹಿಸಿ.

ಬಾಮೈದ ಬೆಂಗಳೂರಿಂದ ಸ್ಟುಡಿಯೋ ಮಾನಿಟರ್ ಎಂಬ ಎರಡು ಪುಟ್ಟ ಸ್ಪೀಕರು ತಂದ. ಆಂಪ್ಲಿಫೈಯರ್ ಅವುಗಳ ಹೊಟ್ಟೆಯೊಳಗೇ. ಮೈಕಿನಿಂದ ಕೋಣೆ ಅಳೆದು ತಮ್ಮ ಧ್ವನಿ ತಾವೇ ತಿದ್ದಿಕೊಳ್ಳುತ್ತವಂತೆ. “ಭಾವ, ನಿಮ್ಮವು ಬರೇ ಸಿಹಿ ಮಾತಾಡ್ತವೆ. ಇವು ನಿಜ ಹೇಳ್ತವೆ,” ಅಂದ. ಯಲ್ಲದಕೆರೆ ಭಜನೆ ಮೇಳದ ಸಿ.ಡಿ. ಆಗಬೇಕಿತ್ತು. ಮೇಳದ ಯಜಮಾನರು ಯಾರ ಸ್ಪೀಕರ್ ಒಪ್ಪುತ್ತಾರೋ ಅವರ ಹೆಸರು ಕವರಿನ ಮೇಲೆ ಎಂದು ನಮ್ಮಿಬ್ಬರಲ್ಲಿ ಪಂಥ ಬಿತ್ತು.

ಮೊದಲ ಅಳತೆ

ಮೈಕು ನಡುವೆ ನಿಲ್ಲಿಸಿ, ಯಾರೂ ಉಸಿರಾಡಬಾರದೆಂದು ಬಾಮೈದ ಅಪ್ಪಣೆ ಕೊಟ್ಟ. ಮಾನಿಟರು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕೂಗಿತು. ಎಡಮೂಲೆಯಲ್ಲಿ ಗುಂಯ್‌ಗುಟ್ಟುವ ಸದ್ದು ಜಾಸ್ತಿ, ಕತ್ತರಿಸಿದ್ದೇನೆ ಅಂತ ಕಂಪ್ಯೂಟರಿನಲ್ಲಿ ವರದಿ ಬಂತು. ಎಡಮೂಲೆಯಲ್ಲಿ ಮಾವನೋರು ಗೊರಕೆ ಹೊಡೆಯುತ್ತಿದ್ದರು. ಅವರೆದ್ದು ಕಾಫಿಗೆ ಹೋದ ಮೇಲೆ ಹಾಡು ಹಾಕಿದರೆ, ಗೊರಕೆಯ ಸದ್ದಿನ ಜೊತೆ ಕತ್ತರಿಸಿಹೋಗಿ ಡೋಲಕ್ಕೇ ನಾಪತ್ತೆ. ನಿಜ ಹೇಳುವ ಯಂತ್ರದಲ್ಲಿ ಡೋಲಕ್ಕು ಕೇಳಬೇಕೆಂದರೆ ಮಾವನೋರಿಗೆ ಇನ್ನೊಂದು ಮುದ್ದೆ ಇಕ್ಕಿ ಮಲಗಿಸಬೇಕಿತ್ತು.

ಕಂಬಳಿ

ಪ್ರತಿಧ್ವನಿ ತಡೆಯಲೆಂದು ಗೋಡೆಗೆಲ್ಲ ಕಂಬಳಿ ತೂಗುಹಾಕಿ ಬಾಮೈದ ಮತ್ತೆ ಅಳೆದ. ಅಷ್ಟರಲ್ಲಿ ಮೇಳದವರು ಬಂದರು. ಕುರಿ ಸಾಕುವ ಮನೆತನದವರು. ಯಜಮಾನರ ಮುಖ ಸಣ್ಣದಾಯಿತು.

“ಕಂಬಳಿ ಹಾಸಿ ಕುಂಡ್ರಿಸೋದು ಮರ್ಯಾದೆ ಕಣಪ್ಪ. ಹಿಂಗೆ ನೇಣಿಗೆ ಹಾಕ್ತಾರೇನು?”

ತಾವೇ ಇಳಿಸಿ, ಹಾಸಿ, ಮೇಳ ಸಮೇತ ಕುಂತರು. ಕೋಣೆ ಚಂದ್ರವಳ್ಳಿ ಗುಹೆಯಂತೆ ಮೊಳಗತೊಡಗಿತು. ಏಳಿ ಅನ್ನುವ ಧೈರ್ಯ ಬಾಮೈದನಿಗೆಲ್ಲಿ? ಮನೆಯ ಹಾಸಿಗೆಗಳನ್ನೆಲ್ಲ ಗೋಡೆಗೆ ಆನಿಸಿ ಮೂರನೇ ಸಲ ಅಳೆದ. ವಿಜ್ಞಾನ ಮುಂದುವರಿಯಿತು, ಒಂದು ವಾರ ನಾವು ಚಾಪೆ ಮೇಲೆ ಮಲಗಿದೆವು.

ತೀರ್ಪು

ಒಬ್ಬೊಬ್ಬರಿಗೂ ಒಂದೊಂದು ಮೈಕು ಇಟ್ಟು ಹಾಡಿಸಿದೆವು. ಮೊದಲು ನನ್ನ ಸ್ಪೀಕರಿನಲ್ಲಿ ಹಾಕಿದೆ. ಗುಡುಗೇ ಗುಡುಗು; ಮೇಳವೆಲ್ಲ ತಲೆದೂಗಿತು. ಆಮೇಲೆ ಮಾನಿಟರು. ಅದರಲ್ಲಿ ಯಾರೋ ಅಡಿಕೆ ಕಡಿದದ್ದು ಬಂತು, ಯಾರದೋ ಹೊಟ್ಟೆ ಗುರುಗುಟ್ಟಿದ್ದು ಬಂತು, ಎರಡನೇ ಚರಣದಲ್ಲಿ ಒಂದು ದನಿ ಶ್ರುತಿ ಬಿಟ್ಟು ಬೇಲಿ ಹಾರಿದ್ದೂ ಬಂತು.

“ಯಾವನಲೇ ಅವನು?” ಅಂದರು ಯಜಮಾನರು. “ಇಷ್ಟು ವರ್ಷದಿಂದ ಹುಡುಕ್ತಾ ಇದೀನಿ.”

ಬಾಮೈದ ಹುಮ್ಮಸ್ಸಿನಿಂದ ಉಳಿದ ಮೈಕುಗಳಲ್ಲಿ ದಾಖಲಾದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಮುಚ್ಚಿ ಆ ದನಿಯೊಂದನ್ನೇ ಕೇಳಿಸಿದ. ಯಜಮಾನರದೇ. ಮೇಳದವರೆಲ್ಲ ಕಂಬಳಿಯ ಎಳೆ ಕೀಳತೊಡಗಿದರು.

ಯಜಮಾನರು ಟವೆಲ್ ಕೊಡವಿ ಎದ್ದು, ಕವರಿನ ಮೇಲೆ ನನ್ನ ಹೆಸರೇ ಇರಲಿ ಅಂದರು. ಗೆದ್ದವನು ಸುಮ್ಮನಿರಬೇಕಿತ್ತು. ಬಾಮೈದನ ಕಿವಿಗೂ ಬೀಳಲೆಂದು, ನನ್ನ ಸ್ಪೀಕರಿನಲ್ಲಿ ಏನು ಹಿಡಿಸ್ತು, ಸ್ವಲ್ಪ ಜೋರಾಗಿ ಹೇಳ್ರಿ ಅಂದೆ.

“ಅದರಾಗೆ ಏನೂ ಗೊತ್ತಾಗಲ್ಲ ನೋಡ್ರಿ,” ಅಂದರು. “ಅದೇ ಚೆನ್ನಾಗೈತೆ.”