‘ಒಡಕು ಕೊಡ’ದ ಅರ್ಥ

ಗುರುಲಿಂಗಮ್ಮ: ಹಂಗಾದ್ರ ಆ ಒಡಕು ಕೊಡ ನಾ ಅಲ್ಲ?

ಶಾಂತಲಿಂಗಪ್ಪ: ಅಲ್ಲಂತ ಹೇಳಿದೆನಲ್ಲ.

ಗುರುಲಿಂಗಮ್ಮ: ಮತ್ತ ಯಾರದು?

ಶಾಂತಲಿಂಗಪ್ಪ: ಯಾರೂ ಅಲ್ಲ. ಅದು ಬರೇ ಪ್ರತಿಮಾ.

ಗುರುಲಿಂಗಮ್ಮ: ಯಾವ ಪ್ರತಿಮಾ? ಸೊಲ್ಲಾಪುರದಾಕಿನೇನು?

ಶಾಂತಲಿಂಗಪ್ಪ ಹಣೆ ಒರೆಸಿಕೊಂಡ. ಸೊಲ್ಲಾಪುರದ ಟೇಶನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಇನ್ನೂ ಹೊಗೆ ಬಿಡುತ್ತ ನಿಂತಿತ್ತು. ಮೂರನೆಯ ದರ್ಜೆಯ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಹೆಂಡತಿ, ಎದುರಿಗೆ ಅವನು. ಅವಳ ತೊಡೆಯ ಮೇಲೆ ಧಾರವಾಡದಿಂದ ಬಂದ ಮಾಸಿಕ ತೆರೆದುಕೊಂಡಿತ್ತು. ಅದರಲ್ಲಿ ಅವನ ಕವಿತೆ. ಸ್ವಲ್ಪ ಹೊತ್ತಿಗೆ ಮುಂಚೆ ಅದೇ ಕವಿತೆಗಾಗಿ ಊರಿನ ಕನ್ನಡ ಸಂಘದವರು ಅವನ ಕೊರಳಿಗೆ ಹಾರ ಹಾಕಿದ್ದರು. ಹಾರ ಇನ್ನೂ ಬಾಡಿರಲಿಲ್ಲ. ಕವಿ ಬಾಡಿದ್ದ.

ಶಾಂತಲಿಂಗಪ್ಪ: ಪ್ರತಿಮಾ ಅಂದ್ರ ಹೆಣ್ಮಗಳಲ್ಲ. ಕಾವ್ಯದಾಗ ಒಂದು ತೋರಿಸಿ ಇನ್ನೊಂದು ಹೇಳೂದಕ್ಕ ಹಂಗಂತಾರ.

ಗುರುಲಿಂಗಮ್ಮ: ಅದನ್ನ ನಾನೂ ಕೇಳಾಕತ್ತೀನಿ. ಕೊಡ ತೋರಿಸಿ ಯಾರನ್ನ ಹೇಳೀರಿ?

ಶಾಂತಲಿಂಗಪ್ಪ: ಅರ್ಥ ಅಂಬೂದು ಹಂಗ ಬಟ್ಟು ಮಾಡಿ ತೋರಸಾಕ ಬರೂದಿಲ್ಲ.

ಗುರುಲಿಂಗಮ್ಮ: ಮತ್ತ ಸಭಾದಾಗ ನನ್ನ ಮುಂದಿನ ಸಾಲಿನ್ಯಾಗ ಒಬ್ಬಾಕಿ ಚಸ್ಮಾ ತಗದು ಕಣ್ಣೀರ ಒರಸ್ಕೊಂಡ್ಲಲ್ಲ, ಆಕಿಗಿ ಹ್ಯಾಂಗ ತಿಳೀತು?

ಶಾಂತಲಿಂಗಪ್ಪ: ಯಾರು, ಕಸ್ತೂರಬಾಯೇನು? ಆಕಿ ಹುಡುಗ್ಯಾರ ಸಾಲ್ಯಾಗ ಪಾಠ ಹೇಳೂ ಬಾಯಿ.

ಗುರುಲಿಂಗಮ್ಮ: ನಾ ಹೆಸರು ಕೇಳಿರ್ಲಿಲ್ಲ.

ಶಾಂತಲಿಂಗಪ್ಪ ಬಾಯಿ ಮುಚ್ಚಿಕೊಂಡ. ಮುಚ್ಚಿಕೊಂಡದ್ದು ಸ್ವಲ್ಪ ತಡವಾಗಿತ್ತು.

ಅವನು ಅಕ್ಕಲಕೋಟೆಯ ಕನ್ನಡ ಸಾಲೆಯ ಮಾಸ್ತರ. ಭಾಷೆಯ ಮೇಲೆ ರಾಜ್ಯಗಳು ವಿಂಗಡವಾದಾಗ ಊರು ಮುಂಬಯಿ ರಾಜ್ಯದಲ್ಲೇ ಉಳಿದ ಮರುವರ್ಷ ಅದು. ಆ ಸೀಮೆಯಲ್ಲಿ ಕನ್ನಡ ಬರೆಯುವವನೊಬ್ಬ ಸಿಕ್ಕರೆ ಸಾಕಾಗಿತ್ತು. ಏನು ಬರೆದ ಎಂದು ಯಾರೂ ಹೆಚ್ಚು ಕೆದಕುತ್ತಿರಲಿಲ್ಲ. ಹಿಂದೆಲ್ಲ ಅವನು ಮದುವೆ ಮನೆಗಳಿಗೆ ಪ್ರಾಸ ಕೂಡಿಸಿ ಮಂಗಲ ಪದ್ಯ ಕಟ್ಟಿಕೊಡುತ್ತಿದ್ದ. ಗುಲಾಬಿ ಕಾಗದದ ಮೇಲೆ ಅಚ್ಚಾದ ಆ ಪದ್ಯಗಳು ಅಕ್ಷತೆಯ ಜೊತೆಗೇ ನೆಲಕ್ಕೆ ಬೀಳುತ್ತಿದ್ದವು. ಸೂರ್ಯೋದಯವನ್ನು ವರ್ಣಿಸಿ ಮಾಸಿಕಗಳಿಗೆ ಕಳಿಸಿದ ಕವಿತೆಗಳು ಸೂರ್ಯನಷ್ಟೇ ನೇಮದಿಂದ ಮರಳಿ ಬರುತ್ತಿದ್ದವು. ಹೀಗಿರುವಾಗ ಒಂದು ದಿನ ಹೊಸ ತರದ ಕವಿತೆಯೊಂದು ಅವನ ಕಣ್ಣಿಗೆ ಬಿತ್ತು. ಓದಿದ, ತಿಳಿಯಲಿಲ್ಲ. ಮತ್ತೆ ಓದಿದ; ಇನ್ನಷ್ಟು ತಿಳಿಯಲಿಲ್ಲ. ಇಷ್ಟಾದರೆ ನನ್ನ ಕೈಯಲ್ಲೂ ಆದೀತು ಎಂದು ಅವನಿಗೆ ಧೈರ್ಯ ಬಂತು. ‘ಒಡಕು ಕೊಡ’ ಬರೆದು ಕಳಿಸಿದ. ಅದು ಮರಳಿ ಬರಲಿಲ್ಲ, ಅಚ್ಚಾಯಿತು.

ಇವತ್ತಿನ ಸಭೆಯಲ್ಲಿ ವಯಸ್ಸಾದ ವಕೀಲರೊಬ್ಬರು ಎದ್ದು ನಿಂತು, ಕವಿತೆಯಲ್ಲಿ ಎಮ್ಮೆಗೆ ಮೂರು ಕೊಂಬು ಯಾಕೆ ಎಂದು ಕೇಳಿದ್ದರು. ಉತ್ತರ ಶಾಂತಲಿಂಗಪ್ಪನಿಗೂ ಬೇಕಾಗಿತ್ತು. ಬೇರೆ ದಾರಿ ಕಾಣದೆ ಅವನು ಕಣ್ಣು ಅರೆಮುಚ್ಚಿ, “ಕವಿತೆ ಅಚ್ಚಾದ ಮೇಲೆ ಓದುಗರ ಸೊತ್ತು. ಅದರ ಅರ್ಥ ಹೇಳುವ ಅಧಿಕಾರ ಕವಿಗೆ ಇಲ್ಲ” ಎಂದುಬಿಟ್ಟ. ಚಪ್ಪಾಳೆ ಬಿತ್ತು. ಹೆಂಗಸರ ಸಾಲಿನಲ್ಲಿ ಕುಳಿತ ಗುರುಲಿಂಗಮ್ಮ ಚಪ್ಪಾಳೆ ತಟ್ಟಲಿಲ್ಲ. ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಗಾಡಿ ಸೀಟಿ ಹೊಡೆಯುವ ಹೊತ್ತಿಗೆ ಹಗ್ಗದ ದೊಡ್ಡ ಸುರುಳಿಯೊಂದು ಡಬ್ಬಿಯೊಳಗೆ ಬಂತು. ಅದರ ಹಿಂದೆ ಗುರುಲಿಂಗಮ್ಮನ ಅಣ್ಣ ಮಲಕಾಜಪ್ಪ ಬಂದ. ನಾಗಣಸೂರಿನ ರೈತ, ಬಾವಿಗೆ ಹಗ್ಗ ಕೊಳ್ಳಲು ಪೇಟೆಗೆ ಬಂದಿದ್ದ. ತಂಗಿ ಮತ್ತು ಮಾಸ್ತರ ಇಳಿಯುವುದು ಅಕ್ಕಲಕೋಟೆ ರೋಡಿನಲ್ಲಿ. ಅವನದು ಅದರ ಮುಂದಿನ ಟೇಶನ್.

ಮಲಕಾಜಪ್ಪ: ಏನ ತಂಗಿ, ಮಾರಿ ಹಿಂಗ್ಯಾಕ ಮಾಡೀದಿ? ಮಾಸ್ತರ್ರಿಗಿ ಹಾರ ಹಾಕ್ಯಾರ, ನೀ ನೋಡಿದ್ರ ಸೂತಕದಾಗ ಕುಂತಂಗ ಕುಂತೀದಿ.

ಗುರುಲಿಂಗಮ್ಮ: ಹಾರ ಯಾಕ ಹಾಕ್ಯಾರ ಅಂಬೂದು ಕೇಳಣ್ಣಾ. ನಾ ಓದ್ತೀನಿ, ನೀನ ನ್ಯಾಯ ಹೇಳು.

ಶಾಂತಲಿಂಗಪ್ಪ: ಬ್ಯಾಡ. ಅದು ಗಾಡ್ಯಾಗ ಓದೂವಂಥಾದ್ದಲ್ಲ.

ಗುರುಲಿಂಗಮ್ಮ: ಯಾಕ, ಸಭಾದಾಗ ಓದಾಕ ಬರ್ತದ, ನಮ್ಮಣ್ಣನ ಮುಂದ ಓದಾಕ ಬರೂದಿಲ್ಲೇನು?

ನಾಗಣಸೂರಿನ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ ಗುರುಲಿಂಗಮ್ಮ ಒಂದೊಂದೇ ಅಕ್ಷರವನ್ನು ಕಲ್ಲು ಆರಿಸಿದಂತೆ ಆರಿಸಿ ಓದಿದಳು:

ಹೊಸ್ತಿಲ ಮೇಲೆ ಒಡಕು ಕೊಡ.
ಒಳಗೆ
ಇದ್ದದ್ದೂ ಇಲ್ಲ, ಇಲ್ಲದ್ದೂ ಇಲ್ಲ.
ಮೂರು ಕೊಂಬಿನ ಎಮ್ಮೆ
ರಾತ್ರಿಯನ್ನು ಮೆಲುಕು ಹಾಕುತ್ತದೆ.
ಬೂದಿ. ಬೂದಿ.
ಉಪ್ಪು.

ಮಲಕಾಜಪ್ಪ: ಮುಂದ?

ಗುರುಲಿಂಗಮ್ಮ: ಮುಗೀತು.

ಮಲಕಾಜಪ್ಪ: ಹಾಳಿ ಹರದದೇನು ನೋಡು.

ಶಾಂತಲಿಂಗಪ್ಪ: ಹರದಿಲ್ಲ ಮಲಕಾಜಣ್ಣ. ಅಷ್ಟ ಅದ.

ಮಲಕಾಜಪ್ಪ ಕೆಳಗೆ ನೋಡುತ್ತ ಹಗ್ಗದ ತುದಿಯನ್ನು ಬೆರಳಿಗೆ ಸುತ್ತತೊಡಗಿದ. ಗಾಡಿ ಊರು ಬಿಟ್ಟು ಬಯಲಿಗೆ ಬಂದಿತ್ತು. ಅವನು ಕವಿತೆಯನ್ನು ಮನಸ್ಸಿನಲ್ಲಿ ಹೊರಳಿಸುತ್ತಿದ್ದಾನೆಂದು ಶಾಂತಲಿಂಗಪ್ಪನಿಗೆ ಒಂದು ಕ್ಷಣ ಹಿಗ್ಗಾಯಿತು. ಹಾಡಿಗೆ ತಾಳವಿಲ್ಲದಿದ್ದರೂ ಹಳ್ಳಿಯವನ ಎದೆಗೆ ತಾಗಿತಲ್ಲ ಎಂದುಕೊಂಡ.

ಮಲಕಾಜಪ್ಪ: ಮಾಸ್ತರ್ರ, ಎಮ್ಮಿ ನಾವು ಕೊಟ್ಟದ್ದು ಹೌದಲ್ಲ?

ಶಾಂತಲಿಂಗಪ್ಪ: ಯಾವ ಎಮ್ಮಿ?

ಮಲಕಾಜಪ್ಪ: ಈಗ ಓದಿದ್ಲಲ್ಲ, ಅದು. ನಿಮ್ಮ ಮನ್ಯಾಗ ಮತ್ತ ಯಾವ ಎಮ್ಮಿ ಅದ? ನಾವು ಕೊಡೂವಾಗ ಅದಕ್ಕ ಎರಡ ಕೊಂಬಿದ್ದವು. ಮೂರು ಅಂತ ಛಾಪಿಸೀರಿ. ಸೊಲ್ಲಾಪುರದ ಮಂದಿ ಏನ್ ತಿಳ್ಕೋಬೇಕು? ನಾಗಣಸೂರದವ್ರು ಐಬಿದ್ದ ಖೋಡಿ ಎಮ್ಮಿ ಬೀಗರ ಕೊರಳಿಗಿ ಕಟ್ಟಿದ್ರು ಅಂತ ತಿಳ್ಕೋಬೇಕು.

ಶಾಂತಲಿಂಗಪ್ಪ: ಇದು ಆ ಎಮ್ಮಿ ಅಲ್ಲ. ಇದು ಕಾಲ.

ಮಲಕಾಜಪ್ಪ: ಯಾರ ಕಾಲು?

ಶಾಂತಲಿಂಗಪ್ಪ: ಕಾಲು ಅಲ್ಲ, ಕಾಲ. ಹಿಂದಿಂದು, ಈಗಿಂದು, ಮುಂದಿಂದು. ಅದಕ್ಕ ಮೂರು ಕೊಂಬು.

ಈ ಅರ್ಥ ಶಾಂತಲಿಂಗಪ್ಪನಿಗೆ ಹೊಳೆದದ್ದು ಅದೇ ಗಳಿಗೆಯಲ್ಲಿ. ವಕೀಲರು ಕೇಳಿದಾಗ ಹೊಳೆಯಬಾರದಿತ್ತೆ ಎಂದು ಅವನು ಹಳಹಳಿಸಿದ.

ಮಲಕಾಜಪ್ಪ: ಮತ್ತ ರಾತ್ರಿ ಮೆಲಕ ಹಾಕ್ತದ ಅಂತ ಅದ. ಹಗಲಿ ಮೇವು ಕಾಣದ ದನ ರಾತ್ರಿ ಬರೇ ಬಾಯಿ ಆಡಿಸ್ತದ. ತಂಗಿ, ಖರೇ ಹೇಳು, ಎಮ್ಮಿಗಿ ಮೇವು ಹಾಕ್ತಾರೋ ಇಲ್ಲೋ?

ಗುರುಲಿಂಗಮ್ಮ: ಎಮ್ಮಿದು ಆಮ್ಯಾಲ ನೋಡೋಣಣ್ಣಾ. ಕಡೀ ಸಾಲು ಕೇಳು. ಬೂದಿ, ಬೂದಿ, ಉಪ್ಪು. ಇದು ನನ್ನ ಅಡಗಿ. ಒಂದು ದಿನ ರೊಟ್ಟಿಗಿ ಬೂದಿ ಹತ್ತಿದ್ದು ಖರೇ. ಸಾರಿಗಿ ಉಪ್ಪು ಹೆಚ್ಚಾಗಿದ್ದೂ ಖರೇ. ಆವತ್ತ ಬಾಯಿ ಬಿಟ್ಟು ಅನ್ನಲಿಲ್ಲ, ಸುಮ್ನ ಉಂಡು ಎದ್ರು. ಈಗ ಧಾರವಾಡಕ್ಕ ಹೋಗಿ ಅಂದಾರ.

ಶಾಂತಲಿಂಗಪ್ಪ: ಅಯ್ಯ, ಆ ಬೂದಿ ನಿನ್ನ ಒಲೀದಲ್ಲ. ಮಹಾಯುದ್ಧ ಆಗಿ ಜಗತ್ತೆಲ್ಲ ಸುಟ್ಟ ಮ್ಯಾಲ ಮನಷ್ಯಾಗ ಉಳಿದ ಬೂದಿ.

ಗುರುಲಿಂಗಮ್ಮ: ಯುದ್ಧ ಎಲ್ಲಿ ಆಗಿತ್ತು?

ಶಾಂತಲಿಂಗಪ್ಪ: ಯುರೋಪಿನ್ಯಾಗ.

ಗುರುಲಿಂಗಮ್ಮ: ಯುರೋಪಿನ ಬೂದಿ ಅಕ್ಕಲಕೋಟಿ ಹೊಸ್ತಿಲಕ್ಕ ಹ್ಯಾಂಗ ಬಂತು?

ಯುರೋಪಿನ ಬೂದಿ ಎಂದು ಶಾಂತಲಿಂಗಪ್ಪ ಒಂದು ಲೇಖನದಲ್ಲಿ ಓದಿದ್ದ. ಅದು ತನ್ನ ಮನೆಗೆ ಹೇಗೆ ಬಂತೆಂದು ತಾನೂ ವಿಚಾರಿಸಿರಲಿಲ್ಲ.

ಮಲಕಾಜಪ್ಪ: ಮಾಸ್ತರ್ರ, ಬ್ಯಾರೇ ದೇಶದ ಬೂದಿ ತಂದು ನಮ್ಮ ತಂಗಿ ತಲೀ ಮ್ಯಾಲ ಹಾಕಬ್ಯಾಡ್ರಿ.

ಹೋಟಗಿಯಲ್ಲಿ ಗಾಡಿ ನಿಂತಿತು. ಶಾಂತಲಿಂಗಪ್ಪ ಚಹಾ ತಂದುಕೊಟ್ಟ. ಅಣ್ಣ ಕುಡಿದ, ತಂಗಿ ಮುಟ್ಟಲಿಲ್ಲ. ಗಾಡಿ ಮತ್ತೆ ಹೊರಟಾಗ ಅವನಿಗೆ ಒಂದು ಉಪಾಯ ಹೊಳೆಯಿತು. ಸೋತವನು ತಾನೇ ನೆಲಕ್ಕೆ ಬಿದ್ದರೆ ಹೊಡೆಯುವವರು ಕೈ ತಡೆಯುತ್ತಾರೆ ಎಂದು ಸಾಲೆಯ ಹುಡುಗರಿಂದ ಕಲಿತಿದ್ದ.

ಶಾಂತಲಿಂಗಪ್ಪ: ಖರೇ ಕೇಳ್ತಿ ಅಂದ್ರ ಹೇಳ್ತೀನಿ. ಆ ಒಡಕು ಕೊಡ ನಾನ. ಒಳಗ ಏನೂ ಇಲ್ಲದ ಮನಷ್ಯಾ. ನನ್ನ ಮ್ಯಾಲ ನಾನ ಬರ್ಕೊಂಡದ್ದು.

ಮಲಕಾಜಪ್ಪ: ಇದು ಬರೋಬರ್ ಕೂಡ್ತದ ನೋಡ್ರಿ.

ಶಾಂತಲಿಂಗಪ್ಪ: ಏನು ಕೂಡ್ತದ?

ಮಲಕಾಜಪ್ಪ: ಒಳಗ ಏನೂ ಇಲ್ಲ ಅಂದ್ರಲ್ಲ, ಅದು. ಲಗ್ನದಾಗ ನಿಮ್ಮನ್ನ ನೋಡಿ ನಮ್ಮಪ್ಪನೂ ಹಂಗ ಅಂದಿದ್ದ. ನಾವ ಕೇಳಲಿಲ್ಲ.

ಶಾಂತಲಿಂಗಪ್ಪ ಆ ಮಾತನ್ನು ನುಂಗಿಕೊಂಡ. ಆದರೆ ಗುರುಲಿಂಗಮ್ಮನ ಹುಬ್ಬು ಇನ್ನೂ ಇಳಿದಿರಲಿಲ್ಲ.

ಗುರುಲಿಂಗಮ್ಮ: ಕೊಡ ನೀವ ಅಂದ್ರ, ಹೊಸ್ತಿಲ ಮ್ಯಾಲ ಯಾಕ ಕುಂತೀರಿ? ಒಳಗ ಬರವಲ್ಲಿರಿ, ಹೊರಗ ಹೋಗವಲ್ಲಿರಿ. ಯಾರ ಮನೀ ಕಡೆ ಮಾರಿ ಮಾಡೀರಿ?

ಶಾಂತಲಿಂಗಪ್ಪ: ಯಾರ ಮನೀ ಕಡೇನೂ ಇಲ್ಲ.

ಗುರುಲಿಂಗಮ್ಮ: ಅರ್ಥ ಓದಿದವ್ರದು, ಕವಿಗಿ ಹೇಳೂ ಅಧಿಕಾರ ಇಲ್ಲ ಅಂತ ಅಷ್ಟು ಮಂದ್ಯಾಗ ನೀವ ಅಂದೀರಿ. ಈಗ ನಾ ಓದೀನಿ. ಅರ್ಥ ನಂದು. ಹೊಸ್ತಿಲ ಮ್ಯಾಲಿನ ಕೊಡ ಕಸ್ತೂರಬಾಯಿ ಕಡೆ ನೋಡಾಕತ್ತದ.

ತಿಲಾಟಿ ದಾಟಿತು. ಮುಂದಿನದು ಅಕ್ಕಲಕೋಟೆ ರೋಡ್. ಶಾಂತಲಿಂಗಪ್ಪ ಎದ್ದು ಮೇಲಿನ ಹಲಗೆಯಿಂದ ಟ್ರಂಕು ಇಳಿಸಿದ. ಗುರುಲಿಂಗಮ್ಮ ಏಳಲಿಲ್ಲ. ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದು ಕಿಟಕಿಯ ಕಡೆ ತಿರುಗಿ ಕುಳಿತಳು.

ಗುರುಲಿಂಗಮ್ಮ: ನಾ ಇಳಿಯೂದಿಲ್ಲ. ಅಣ್ಣನ ಕೂಡ ನಾಗಣಸೂರಿಗಿ ಹೋಗ್ತೀನಿ.

ಮಲಕಾಜಪ್ಪ: ಬಾ ತಂಗಿ. ಎಮ್ಮಿ ನಾಳಿಗಿ ಬಂದು ಹೊಡ್ಕೊಂಡು ಹೋಗ್ತೀನಿ.

ಶಾಂತಲಿಂಗಪ್ಪ ಟ್ರಂಕಿನ ಮೇಲೆ ಕುಸಿದು ಕುಳಿತ. ಹೆಂಡತಿ ಹೀಗೆ ಬರಿ ಮಾತಿಗೆ ಹೇಳುವವಳಲ್ಲ. ಒಮ್ಮೆ ತವರಿಗೆ ಹೋದರೆ ಕರೆತರಲು ಹಿರಿಯರು ಕೂಡಬೇಕು. ಕೂಡಿದವರ ಮುಂದೆ ಈ ಕವಿತೆಯನ್ನು ಮತ್ತೆ ಓದಬೇಕು. ಮಾಸಿಕವನ್ನು ಅವಳ ಕೈಯಿಂದ ತೆಗೆದುಕೊಂಡು ಮಡಿಸಿಟ್ಟ.

ಶಾಂತಲಿಂಗಪ್ಪ: ಕೇಳು. ಅದಕ್ಕ ಅರ್ಥ ಇಲ್ಲ.

ಗುರುಲಿಂಗಮ್ಮ: ಮತ್ತ ಶುರು ಮಾಡಿದ್ರಿ?

ಶಾಂತಲಿಂಗಪ್ಪ: ಇಲ್ಲ, ಖರೇನ ಇಲ್ಲ. ಒಂದು ಸಂಜೀಕ ಹೊಸ್ತಿಲದಾಗ ಕುಂತಿದ್ದೆ. ನಮ್ಮ ತಾಮ್ರದ ಕೊಡ ಸೋರತಿತ್ತು, ಬೆಸಗಿ ಹಾಕಿಸ್ಕೊಂಡು ಬರ್ರಿ ಅಂತ ನೀ ದಿನಾ ಹೇಳ್ತಿದ್ದಿ, ನಾ ದಿನಾ ಮರೀತಿದ್ದೆ. ಅದು ಬಾಜೂಕ ಇತ್ತು. ಬರದೆ. ಎದುರಿಗಿ ಎಮ್ಮಿ ಇತ್ತು. ಬರದೆ. ಎರಡು ಕೊಂಬು ಎಲ್ಲಾ ಎಮ್ಮಿಗೂ ಇರ್ತಾವ, ಹೊಸದಾಗಿ ಏನರೆ ಇರಲಿ ಅಂತ ಒಂದು ಹೆಚ್ಚಿಗಿ ಹಾಕಿದೆ. ತಿರುಗಿ ಅಡಗಿ ಮನಿ ಕಡೆ ನೋಡಿದೆ. ಒಲಿ ಆರಿತ್ತು, ಬೂದಿ ಕಂಡಿತು. ಅದರ ಬಾಜೂಕ ಉಪ್ಪಿನ ಡಬ್ಬಿ.

ಮಲಕಾಜಪ್ಪ: ಇಷ್ಟ?

ಶಾಂತಲಿಂಗಪ್ಪ: ಇಷ್ಟ.

ಮಲಕಾಜಪ್ಪ: ಮತ್ತ ಸೊಲ್ಲಾಪುರದವ್ರು ಚಪ್ಪಾಳಿ ಯಾಕ ಹೊಡದ್ರು?

ಶಾಂತಲಿಂಗಪ್ಪ: ತಿಳೀಲಿಲ್ಲ ಅಂತ ಮೊದಲು ಹೇಳೂದು ಯಾರು? ನಾನೂ ಮೊದಲು ಹಂಗ ಹೊಡದಾಂವನ.

ಗುರುಲಿಂಗಮ್ಮ: ಆಕಿ ಯಾಕ ಅತ್ಲು?

ಶಾಂತಲಿಂಗಪ್ಪ: ನನಗೇನು ಗೊತ್ತು? ಆಕಿ ಮನ್ಯಾಗೂ ಒಂದು ಸೋರೂ ಕೊಡ ಇರಬೇಕು.

ಮಲಕಾಜಪ್ಪ ಗಡ್ಡ ಕೆರೆದುಕೊಂಡ. ಎಮ್ಮೆಯ ಮಾನ ಉಳಿದದ್ದು ಅವನಿಗೆ ಸಮಾಧಾನವಾಗಿತ್ತು. ಬಿಡ್ರಿ, ಎಮ್ಮಿ ನಿಮ್ಮಲ್ಲೇ ಇರಲಿ ಎಂದ. ಗುರುಲಿಂಗಮ್ಮ ಮಾತ್ರ ಕಿಟಕಿ ಬಿಟ್ಟು ಈಗ ಗಂಡನ ಕಡೆಗೇ ತಿರುಗಿದಳು. ಅವಳ ದನಿ ಸಣ್ಣದಾಗಿತ್ತು. ಶಾಂತಲಿಂಗಪ್ಪನಿಗೆ ಅದರಿಂದ ಹೆಚ್ಚು ಹೆದರಿಕೆಯಾಯಿತು.

ಗುರುಲಿಂಗಮ್ಮ: ಹೊಸ್ತಿಲ ಇತ್ತು, ಕೊಡ ಇತ್ತು, ಎಮ್ಮಿ ಇತ್ತು, ಉಪ್ಪಿನ ಡಬ್ಬಿನೂ ಇತ್ತು. ನಾ ಎಲ್ಲಿದ್ದೆ?

ಶಾಂತಲಿಂಗಪ್ಪ: ನೀ ಇರಲಿಲ್ಲ.

ಗುರುಲಿಂಗಮ್ಮ: ಲಗ್ನ ಆದಾಗಿಂದ ನಿಮ್ಮ ಮನೀ ಬಿಟ್ಟು ನಾ ಎಲ್ಲಿ ಹೋಗೀನಿ? ಡಬ್ಬಿ ಕಂಡ ಕಣ್ಣಿಗಿ ನಾ ಕಾಣಲಿಲ್ಲೇನು?

ಶಾಂತಲಿಂಗಪ್ಪ ತಬ್ಬಿಬ್ಬಾದ. ಸೊಲ್ಲಾಪುರದಿಂದ ಇಲ್ಲಿಯತನಕ ಅವನು ಗಂಟಲು ಹರಿದುಕೊಂಡದ್ದು ಅವಳು ಆ ಕವಿತೆಯಲ್ಲಿ ಇಲ್ಲ ಎಂದು. ಈಗ ಅವಳು ಅದನ್ನು ನಂಬಿದ್ದಳು, ನಂಬಿ ಮತ್ತಷ್ಟು ನೊಂದಿದ್ದಳು.

ಶಾಂತಲಿಂಗಪ್ಪ: ನೀ ನೀರಿಗಿ ಹೋಗಿದ್ದಿ. ನಮ್ಮ ಕೊಡ ಸೋರತದಂತ ಬಾಜೂ ಮನಿ ಪಾರ್ವತಿಬಾಯಿ ಕೊಡ ಇಸ್ಕೊಂಡು ದೂರಿನ ಬಾವಿಗಿ ಹೋಗಿದ್ದಿ. ನಮ್ಮವ್ವ ಮಠಕ್ಕ ಪುರಾಣ ಕೇಳಾಕ ಹೋಗಿದ್ಲು. ಹೊತ್ತು ಮುಳುಗಿತು, ನೀ ಬರಲಿಲ್ಲ. ಓಣಿ ಮೂಲಿತನಕ ಹೋಗಿ ನೋಡಿದೆ, ಕಾಣಲಿಲ್ಲ. ಹೆದರಿಕಿ ಆತು. ಏನು ಮಾಡಬೇಕಂತ ತಿಳೀಲಿಲ್ಲ. ಹೊಸ್ತಿಲದಾಗ ಕುಂತು ಕಣ್ಣಿಗಿ ಕಂಡದ್ದು ಬರಕೋತ ಕುಂತೆ.

ಗಾಡಿಯ ವೇಗ ತಗ್ಗುತ್ತಿತ್ತು.

ಗುರುಲಿಂಗಮ್ಮ: ಇದನ್ನ ಯಾಕ ಬರೀಲಿಲ್ಲ?

ಶಾಂತಲಿಂಗಪ್ಪ: ಇದನ್ನ ಬರದಿದ್ರ ಎಲ್ಲಾರಿಗೂ ತಿಳೀತಿತ್ತು.

ಗಾಡಿ ನಿಂತಿತು. ಗುರುಲಿಂಗಮ್ಮ ಎದ್ದಳು. ಅಣ್ಣನಿಗೆ, ನಾಗರ ಪಂಚಮಿಗಿ ಬರ್ತೀನಿ, ಈಗ ಬ್ಯಾಡ ಎಂದಷ್ಟೇ ಹೇಳಿ ಕೆಳಗಿಳಿದಳು. ಮಲಕಾಜಪ್ಪ ಏನಾಯಿತೆಂದು ತಿಳಿಯದೆ ಹಗ್ಗದ ಸುರುಳಿಗೆ ಆತು ಕುಳಿತ. ಅವನ ಮಟ್ಟಿಗೆ ಕವಿತೆಯ ಹಾಗೆ ಇದೂ ನಡುವೆಯೇ ಮುಗಿದುಹೋಗಿತ್ತು.

ಟ್ರಂಕನ್ನು ತಲೆಯ ಮೇಲೆ ಹೊತ್ತು ಶಾಂತಲಿಂಗಪ್ಪ ಹೆಂಡತಿಯ ಹಿಂದೆ ನಡೆದ. ಊರಿಗೆ ಹೋಗುವ ಟಾಂಗಾಗಳು ಬೇವಿನ ಮರದ ಕೆಳಗೆ ನಿಂತಿದ್ದವು. ಗುರುಲಿಂಗಮ್ಮ ಮರದ ಹತ್ತಿರ ಬಂದು ನಿಂತಳು.

ಗುರುಲಿಂಗಮ್ಮ: ನನ್ನ ಮ್ಯಾಲ ಒಂದು ಪದ್ಯ ಬರೀರಿ.

ಶಾಂತಲಿಂಗಪ್ಪ: ಬರೀತೀನಿ. ಹಳೇ ನಮೂನಿದು ಬರೀಲೋ, ಹೊಸಾ ನಮೂನಿದು ಬರೀಲೋ?

ಗುರುಲಿಂಗಮ್ಮ ವಿಚಾರ ಮಾಡಿದಳು. ಟಾಂಗಾದವನು ಹತ್ತ್ರಿ, ಹತ್ತ್ರಿ ಎಂದು ಕರೆಯುತ್ತಿದ್ದ.

ಗುರುಲಿಂಗಮ್ಮ: ಅದೆಲ್ಲ ನನಗ ಗೊತ್ತಿಲ್ಲ. ನಾ ಓದಿದ್ರ ನನಗ ತಿಳೀಬೇಕು. ನಿಮ್ಮವ್ವಗ ಎಷ್ಟು ಸಲ ಓದಿ ಹೇಳಿದ್ರೂ ತಿಳೀಬಾರದು.