ಏಣಿಪೀಠಕ್ಕೆ ಇಬ್ಬರ ತೂಕ

ಮನುಷ್ಯನು ತನ್ನ ವಯಸ್ಸನ್ನು ಮುಚ್ಚಿಡುತ್ತಾನೆಂಬ ಅಪವಾದ ಬಹಳ ಹಳೆಯದು. ನನ್ನ ಅನುಭವದಲ್ಲಿ ಅದು ಪೂರ್ತಿ ನಿಜವಲ್ಲ. ಐವತ್ತು ದಾಟಿದ ಮೇಲೆ ವಯಸ್ಸನ್ನು ಹೇಳಿಕೊಳ್ಳುವುದರಲ್ಲಿ ಒಂದು ಸುಖವೇ ಇದೆ. ಬಸ್ಸಿನಲ್ಲಿ ಸೀಟು ಸಿಗುತ್ತದೆ, ಮದುವೆಯಲ್ಲಿ ಮೊದಲ ಪಂಕ್ತಿ ಸಿಗುತ್ತದೆ. ನಾವು ನಿಜವಾಗಿ ಮುಚ್ಚಿಡುವುದು ತೂಕವನ್ನು. ವಯಸ್ಸಾದರೋ ಒಳಗಿನದು, ಕಣ್ಣಿಗೆ ಕಾಣುವಂಥದ್ದಲ್ಲ. ತೂಕವನ್ನು ಮೈಮೇಲೆ ಹೊತ್ತು ಊರೆಲ್ಲ ತಿರುಗಿ, ಎಲ್ಲರೂ ನೋಡಿದ ಮೇಲೂ ಅದನ್ನು ಗುಟ್ಟೆಂದೇ ಭಾವಿಸುತ್ತೇವೆ. ನನ್ನ ತೂಕ ತೊಂಬತ್ತೆಂಟು ಕಿಲೋ. ಇದನ್ನು ಬಾಗಿಲಲ್ಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಮುಂದಿನ ವೃತ್ತಾಂತವೆಲ್ಲ ಈ ಸಂಖ್ಯೆಯ ಮೇಲೆ ನಿಂತಿದೆ. ಅದು ಎಷ್ಟು ಭಾರ ತಾಳುತ್ತದೆಂಬುದನ್ನು ಓದುಗರೇ ಪರೀಕ್ಷಿಸಬೇಕು.

ಕುಂದಾಪುರದ ಬಳಿಯ ಒಂದು ಹೈಸ್ಕೂಲಿನಲ್ಲಿ ನಾನು ಬಹುಕಾಲ ಕನ್ನಡ ಕಲಿಸಿದವನು. ನನ್ನ ತರಗತಿಯಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳು ತಮ್ಮ ತಮ್ಮ ಜಾಗದಲ್ಲಿ ಮಿಸುಕಾಡದೆ ಕೂರುತ್ತಿದ್ದವು, ಮಕ್ಕಳೂ ಹಾಗೆಯೇ. ಹೆಂಡತಿ ಶಶಿಕಲಾಳಿಗೆ ಐರ್ಲೆಂಡಿನ ಲೀಕ್ಸ್‌ಲಿಪ್‌ನಲ್ಲಿ, ಕಂಪ್ಯೂಟರ್ ಚಿಪ್ ಮಾಡುವ ಕಾರ್ಖಾನೆಯಲ್ಲಿ, ಎಂಜಿನಿಯರ್ ಕೆಲಸ ಸಿಕ್ಕಾಗ ನಾನು ಸೀಮೆಸುಣ್ಣ ಕೆಳಗಿಟ್ಟು ಅವಳ ಹಿಂದೆ ಬಂದೆ. ಈಗ ಮೇನೂತ್‌ನ ಒಂದು ಗ್ರಂಥಾಲಯದಲ್ಲಿ, ಓದುಗರು ಹಿಂದಿರುಗಿಸಿದ ಪುಸ್ತಕಗಳನ್ನು ಅವುಗಳ ಜಾಗಕ್ಕೆ ಸೇರಿಸುತ್ತೇನೆ. ಮಿಸುಕಾಡದೆ ಕೂರುವ ವಿಷಯದಲ್ಲಿ ಪುಸ್ತಕಗಳು ಮಕ್ಕಳಿಗಿಂತ ಮೇಲು.

ನಮ್ಮ ಪಕ್ಕದ ಮನೆಯ ಬ್ರೆಂಡನ್ ವೃತ್ತಿಯಿಂದ ಪ್ಲಂಬರ್, ವಾರಾಂತ್ಯದಲ್ಲಿ ಜಿಂಕೆ ಬೇಟೆಗಾರ. ಇಲ್ಲಿ ಅದಕ್ಕೆ ಪರವಾನಗಿ ಉಂಟು, ಋತು ಉಂಟು. ಕಾಡಿನ ಸಸಿಗಳನ್ನು ಮೇಯುವ ಜಿಂಕೆಗಳನ್ನು ಲೆಕ್ಕದಲ್ಲಿಡಲು ಜಮೀನಿನವರೇ ಇಂಥವರನ್ನು ಕರೆಯುತ್ತಾರೆ. ಒಮ್ಮೆ ಅವನು ಜಿಂಕೆಯ ತೊಡೆಯೊಂದನ್ನು ನಮಗೆ ಕೊಟ್ಟ. ಶಶಿಕಲಾ ಅದಕ್ಕೆ ಊರಿನ ಮಸಾಲೆಪುಡಿ, ಹುರಿದ ತೆಂಗಿನತುರಿ ಹಾಕಿ ಸುಕ್ಕ ಮಾಡಿ, ನೀರುದೋಸೆಯೊಂದಿಗೆ ಒಂದು ಪಾಲು ಅವರ ಮನೆಗೆ ಕಳಿಸಿದಳು. ಮರುದಿನ ಬ್ರೆಂಡನ್ ಪಾತ್ರೆಯನ್ನು ಹಿಂದಿರುಗಿಸಲು ಬಂದವನು, ತೊಳೆದ ಪಾತ್ರೆಯನ್ನು ಎದೆಗವಚಿಕೊಂಡು ಬಾಗಿಲಲ್ಲೇ ಬಹಳ ಹೊತ್ತು ನಿಂತ. ಇಷ್ಟು ವರ್ಷ ತಾನು ಜಿಂಕೆಗಳಿಗೆ ಅನ್ಯಾಯ ಮಾಡಿದೆನೆಂದ. ಕೃತಜ್ಞತೆಯ ಭರದಲ್ಲಿ, "ಈ ಸಲ ವಿಕ್ಲೋ ಬೆಟ್ಟಕ್ಕೆ ನೀನೂ ಬಾ, ಮರದ ಮೇಲೆ ನನ್ನ ಪಕ್ಕ ಕೂತು ನೋಡು" ಎಂದು ಕರೆದ.

ಆ ಕರೆ ನನ್ನೊಳಗೆ ಎಲ್ಲಿಗೆ ತಾಗಿತೆಂಬುದು ಅವನಿಗೆ ತಿಳಿಯದು. ನಾನು ಹುಟ್ಟಿನಿಂದಲೇ ಮರದ ಕೆಳಗಿನವನು. ಶಾಲೆಯ ಹಿಂದಿನ ಕಾಟು ಮಾವಿನ ಮರಕ್ಕೆ ಗೆಳೆಯರೆಲ್ಲ ಹತ್ತುವಾಗ ನನಗೆ ಕೊಡುತ್ತಿದ್ದ ಹುದ್ದೆ ಒಂದೇ: ಕೆಳಗೆ ಗೋಣಿ ಹಿಡಿದು ನಿಲ್ಲುವುದು. "ನೀನು ಹತ್ತುದು ಬೇಡ ಮಾರಾಯ, ಕೊಂಬೆ ಪಾಪ!" ಎನ್ನುತ್ತಿದ್ದರು. ಬಿದ್ದ ಹಣ್ಣುಗಳಲ್ಲಿ ನನಗೆ ಸಮಪಾಲು ಸಿಗುತ್ತಿತ್ತು, ನಿಜ. ಆದರೆ ಮೇಲೆ ಕುಳಿತು ಅವರೆಲ್ಲ ಏನನ್ನು ನೋಡಿ ಅಷ್ಟು ನಗುತ್ತಿದ್ದರೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ಬಹುಶಃ ನನ್ನನ್ನೇ ಇರಬೇಕು. ಆಯುಷ್ಯದಲ್ಲಿ ಒಮ್ಮೆಯಾದರೂ ಮರದ ಮೇಲಿನಿಂದ ಕೆಳಗೆ ನೋಡಬೇಕೆಂಬುದು, ಹೊರಗೆ ಹೇಳಿಕೊಳ್ಳಲಾಗದ ನನ್ನ ಆಸೆಯಾಗಿತ್ತು.

ಇಲ್ಲಿನ ಬೇಟೆಗಾರರು ಮರಕ್ಕೆ ಒರಗಿಸಿ ಕಟ್ಟುವ ಏಣಿಯ ತುದಿಯಲ್ಲಿ ಒಂದು ಆಸನವಿರುತ್ತದೆ. ಇವರು ಅದನ್ನು ಹೈ ಸೀಟ್ ಎನ್ನುತ್ತಾರೆ. ನಾನು ಏಣಿಪೀಠವೆಂದು ಹೆಸರಿಟ್ಟೆ. ಬ್ರೆಂಡನ್‌ನ ಬಳಿ ಇದ್ದದ್ದು ಅವನ ತಂದೆಯ ಕಾಲದ ಮರದ ಏಣಿಪೀಠ. ಅದರ ಒಂದು ಕಾಲಿನಲ್ಲಿ ಅಣಬೆ ಎದ್ದಿತ್ತು. "ಇದು ನನ್ನನ್ನು ತಾಳುತ್ತದೆಯೇ?" ಎಂದು ಕೇಳಿದೆ. "ಓ, ಗ್ರ್ಯಾಂಡ್" ಎಂದ. ಈ ದೇಶಕ್ಕೆ ಬಂದಂದಿನಿಂದ ನನ್ನನ್ನು ಕಾಡಿದ ಶಬ್ದವಿದು. ಚಹಾ ಗ್ರ್ಯಾಂಡ್, ಮಳೆ ನಿಂತರೆ ಗ್ರ್ಯಾಂಡ್, ಮಳೆ ಬಂದರೂ ಗ್ರ್ಯಾಂಡ್, ಕಾಲು ಮುರಿದು ಪ್ಲಾಸ್ಟರಿನಲ್ಲಿ ಮಲಗಿದವನೂ ಗ್ರ್ಯಾಂಡ್. ಇಷ್ಟೆಲ್ಲ ಅರ್ಥಗಳನ್ನು ಹೊತ್ತ ಶಬ್ದ ನನ್ನನ್ನೂ ಹೊರುತ್ತದೆಂದು ನಂಬಿ ಮರ ಹತ್ತುವುದು ವ್ಯಾಕರಣ ಬಲ್ಲವನಿಗೆ ಹೇಗೆ ಸಾಧ್ಯ?

ಶಶಿಕಲಾ ಆ ಅಣಬೆಯನ್ನು ಒಮ್ಮೆ ನೋಡಿದಳು. "ಎಂತ ಮಾರಾಯ್ರೆ, ಇದರ ಮೇಲೆ ಅಣಬೆ ಹತ್ತಬಹುದು, ನೀವು ಹತ್ತುದಲ್ಲ" ಎಂದಳು. ಭಾರದ ಮಿತಿಯನ್ನು ಸ್ಪಷ್ಟವಾಗಿ ಬರೆದಿರುವ ಹೊಸ ಪೀಠ, ಮೈಗೆಲ್ಲ ಬಿಗಿಯುವ ರಕ್ಷಾಪಟ್ಟಿ, ಇವೆರಡೂ ಇಲ್ಲದೆ ನಾನು ನೆಲ ಬಿಡಕೂಡದೆಂದು ಆಜ್ಞೆಯಾಯಿತು. ಪರ್ವತಾರೋಹಣದ ಕ್ಲಬ್ಬಿನಲ್ಲಿ ಗೋಡೆ ಹತ್ತಿ ಅಭ್ಯಾಸವಿರುವ ಮಗಳು ಅನಘಾ ಮೇಲ್ವಿಚಾರಕಿಯಾದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಅಪ್ಪಟ ಐರಿಶ್ ರಾಗದ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಸೊಂಟಕ್ಕೆ ಕಟ್ಟುವ ಬೆಲ್ಟ್ ಸಾಲದು, ಬಿದ್ದರೆ ಅದೇ ಉಸಿರುಗಟ್ಟಿಸುತ್ತದೆ. ತೊಡೆ, ಎದೆ, ಭುಜ ಎಲ್ಲವನ್ನೂ ಹಿಡಿಯುವ ಪಟ್ಟಿಯೇ ಬೇಕು. ಪಟ್ಟಿಯ ಅಳತೆ ಬೇರೆ, ಅದು ತಾಳುವ ಭಾರ ಬೇರೆ ಎಂದು ಅವಳು ವಿವರಿಸಿದಳು. ಮೈಗೆ ಹಿಡಿಸಿದ ಮಾತ್ರಕ್ಕೆ ಭಾರ ತಾಳುತ್ತದೆಂದು ಭಾವಿಸಬಾರದಂತೆ. ನನ್ನ ಹಳೆಯ ಕೋಟುಗಳ ಅನುಭವದಿಂದ ನಾನೂ ಇದನ್ನು ಅನುಮೋದಿಸಿದೆ.

ಅಂಗಡಿಗೆ ಹೋದೆವು. ನಮ್ಮ ಕಡೆಯವರು ತೂಕದ ವಿಷಯದಲ್ಲಿ ಎಷ್ಟು ನೇರವೋ ಇಲ್ಲಿಯವರು ಅಷ್ಟು ಸಂಕೋಚದವರು. ಕುಂದಾಪುರದ ದರ್ಜಿ ನನ್ನ ಅಳತೆ ತೆಗೆದು, ರಸ್ತೆಯಾಚೆಗೂ ಕೇಳುವಂತೆ, "ಮಾಷ್ಟ್ರ ಸೊಂಟ ನಲವತ್ನಾಕು, ಬರ್ಕೊ!" ಎಂದು ಕೂಗುತ್ತಿದ್ದ. ಮೇನೂತ್‌ನಲ್ಲಿ ಓದುವ ಬೆಂಗಳೂರಿನ ಹುಡುಗಿ ಕಾವ್ಯ ಕೂಡ ಸುದ್ದಿ ಕೇಳಿದ ಕೂಡಲೇ, "ಸಾರ್, ನೀವು ಮರ ಹತ್ತೋದಾ? ಸಖತ್! ಮರಕ್ಕೆ ಇನ್ಶೂರೆನ್ಸ್ ಮಾಡ್ಸಿದೀರಾ?" ಎಂದಿದ್ದಳು. ಅಂಗಡಿಯವನೋ ನನ್ನ ಹೊಟ್ಟೆಯ ಮೇಲೆ ಬಿದ್ದ ದೃಷ್ಟಿಯನ್ನು ತಕ್ಷಣ ಕಿತ್ತು ಚಾವಣಿಯ ಮೇಲಿಟ್ಟ. "ನಿಮ್ಮಂಥ... ಗಟ್ಟಿ ಕಟ್ಟಿನ ಮಹನೀಯರಿಗೆ..." ಎಂದು ಆರಂಭಿಸಿದ ವಾಕ್ಯಕ್ಕೆ ಕ್ರಿಯಾಪದವೇ ಒದಗಲಿಲ್ಲ. ಪಾಪವೆನಿಸಿ, "ತೊಂಬತ್ತೆಂಟು" ಎಂದೆ. ಅವನು ಬಹಳ ವಿನಯದಿಂದ ನಂಬಿದ. ನಾನು ಕೈಗವಸುಗಳನ್ನು ನೋಡುತ್ತಿದ್ದಾಗ ಅನಘಾ ಅವನ ಕಿವಿಯಲ್ಲಿ ಏನನ್ನೋ ಹೇಳಿದಳು. ಅವನು ಒಳಗೆ ಹೋಗಿ ಇನ್ನೊಂದು ಪಟ್ಟಿಯನ್ನು ತಂದ. ಇನ್ನೂ ಭಾರಿಯಾದವರಿಗಾಗಿ ಮಾಡಿದ್ದಂತೆ. "ನನಗೇಕೆ ಇಷ್ಟು?" ಎಂದೆ. "ಎಕ್ಸ್‌ಟ್ರಾ ಸೇಫ್, ಡ್ಯಾಡ್" ಎಂದಳು. ಮಗಳ ದೂರದೃಷ್ಟಿಗೆ ನನ್ನ ಎದೆ ಹಿಗ್ಗಿತು. ಎದೆಯ ಪಟ್ಟಿಯನ್ನು ಇನ್ನಷ್ಟು ಸಡಿಲಿಸಬೇಕಾಯಿತು.

ಮರುದಿನ ಬ್ರೆಂಡನ್‌ನ ಹಿತ್ತಲಿನ ಬೀಚ್ ಮರದ ದಪ್ಪ ಕೊಂಬೆಗೆ ಹಗ್ಗ ಕಟ್ಟಿ ನನ್ನನ್ನು ತೂಗುಹಾಕಿದರು. ಎತ್ತರದಿಂದ ಬೀಳುವ ಮೊದಲು, ಹತ್ತಿರ ಒಬ್ಬರಿರುವಾಗ, ನೆಲದಿಂದ ಒಂದು ಗೇಣು ಮೇಲೆ ತೂಗಾಡಿ ನೋಡಬೇಕೆಂಬುದು ಪಟ್ಟಿಯ ಜೊತೆ ಬಂದ ಸೂಚನೆ. ಸೂಚನೆಗಳನ್ನು ನಾನು ಮೀರುವವನಲ್ಲ. ಕೊಂಬೆ ಒಮ್ಮೆ ನರಳಿ ಸುಮ್ಮನಾಯಿತು. ತೊಡೆಯಲ್ಲಿ ರಕ್ತ ಕಟ್ಟದಂತೆ ಕಾಲನ್ನು ಒಂದು ಕುಣಿಕೆಗೆ ತೂರಿಸಿ ನಿಲ್ಲುವುದನ್ನು ಅನಘಾ ಮೂರು ಸಲ ಮಾಡಿಸಿದಳು. ತಪ್ಪಿದಾಗ ಹಿಂದೆ ನನ್ನ ತರಗತಿಯಲ್ಲಿ ಕೇಳಿಬರುತ್ತಿದ್ದ ಧ್ವನಿಯಲ್ಲೇ "ಅಗೇನ್" ಎಂದಳು. ನಾನು ಮೆಲ್ಲಗೆ ತಿರುಗುತ್ತ ಬೇಲಿ, ಶೆಡ್ಡು, ಬೇಲಿ, ಶೆಡ್ಡು ನೋಡುತ್ತಿದ್ದಾಗ ಬ್ರೆಂಡನ್‌ನ ಹೆಂಡತಿ ನೋರಾ ಕಿಟಕಿಯಿಂದ ತಲೆ ಹೊರಹಾಕಿ, "ಅಲ್ಲಿದ್ದಂತೆಯೇ ಒಂದು ಚಹಾ ಕುಡೀತೀಯಾ?" ಎಂದು ಕೇಳಿದಳು. ಕುಡಿದೆ.

ತೊಡಕು ಬಂದದ್ದು ಪೀಠದಿಂದ. ಬ್ರೆಂಡನ್ ಇಬ್ಬರು ಕೂರುವ ಹೊಸ ಉಕ್ಕಿನ ಏಣಿಪೀಠ ತಂದಿದ್ದ. ಅದರ ಮೇಲಿನ ಚೀಟಿಯನ್ನು ನಾನು ಗಟ್ಟಿಯಾಗಿ ಓದಿದೆ: ಇಬ್ಬರೂ ಸೇರಿ, ಬಟ್ಟೆ, ಬೂಟು, ಚೀಲ, ಸರಂಜಾಮು ಸಹಿತ, ಇನ್ನೂರ ಇಪ್ಪತ್ತೈದು ಕಿಲೋ ಮೀರಕೂಡದು. ಓದಿ ಮುಗಿಸಿ ಬ್ರೆಂಡನ್‌ನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಬ್ರೆಂಡನ್ ಕೂಡ ನನ್ನಂತೆಯೇ ಬಾಗಿಲಿಗೆ ಪೂರ್ತಿ ನ್ಯಾಯ ಸಲ್ಲಿಸುವ ಆಳು. ಇಬ್ಬರಲ್ಲಿ ಒಬ್ಬರು ಮೊದಲು ತಮ್ಮ ಸಂಖ್ಯೆಯನ್ನು ಹೇಳಬೇಕಿತ್ತು. ಅವನು ಆಕಾಶ ನೋಡಿ, ನಾಳೆ ಮಳೆ ಬರಲಾರದೆಂದ. ನಾನು ಒಪ್ಪಿದೆ. ಐರಿಶ್ ಮನುಷ್ಯ ಕೇಳಲಾರ, ನಾನು ಹೇಳಲಾರೆ. ಮರ ಹತ್ತುವ ನನ್ನ ಬಾಳಿನ ಒಂದೇ ಅವಕಾಶ ಈ ಮರ್ಯಾದೆಯ ನಡುವೆ ಸಿಕ್ಕಿಬಿದ್ದಿತ್ತು.

ಉಪಾಯ ಹೊಳೆದದ್ದು ಬ್ರೆಂಡನ್‌ಗೆ. ಕಾಡಿನ ದಾರಿಯಲ್ಲಿ ಅವನ ಅಣ್ಣನ ದನದ ಫಾರ್ಮ್ ಇದೆ. ಅಲ್ಲಿ ಎತ್ತು, ಹೋರಿಗಳನ್ನು ತೂಗುವ, ನೆಲಕ್ಕೆ ಕೂರಿಸಿದ ಕಬ್ಬಿಣದ ತಕ್ಕಡಿಯಿದೆ. "ಇಬ್ಬರೂ ಒಟ್ಟಿಗೆ ನಿಂತರಾಯಿತು. ಚೀಟಿ ಕೇಳುವುದು ಒಟ್ಟು ಮೊತ್ತವನ್ನು ತಾನೆ? ಯಾರದೆಷ್ಟು ಎಂದು ಯಾರು ಕೇಳಿದರು?" ಎಂದ. ಇಂಥ ಸೂಕ್ಷ್ಮಜ್ಞನನ್ನು ಪ್ಲಂಬರ್ ಎಂದಷ್ಟೇ ತಿಳಿದಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ, ಪೂರ್ಣ ವೇಷದಲ್ಲಿ, ಗುಂಡು ತುಂಬದ ಕೋವಿ, ಚೀಲಗಳು, ಶಶಿಕಲಾ ಕಟ್ಟಿಕೊಟ್ಟಿದ್ದ ಸುಕ್ಕ ನೀರುದೋಸೆಯ ಸ್ಟೀಲ್ ಕ್ಯಾರಿಯರ್ ಸಮೇತ, ನಾವಿಬ್ಬರೂ ಹೋರಿಯ ಜಾಗದಲ್ಲಿ ನಿಂತೆವು. ತಕ್ಕಡಿ ತೋರಿಸಿದ್ದು ಇನ್ನೂರ ಮೂವತ್ತಾರು. ಇಬ್ಬರೂ ಕೈಯಲ್ಲಿದ್ದದ್ದನ್ನೆಲ್ಲ ಒಮ್ಮೆ ಪರಿಶೀಲಿಸಿದೆವು. ಕೊನೆಗೆ ಬ್ರೆಂಡನ್ ಕ್ಯಾರಿಯರ್ ನೋಡಿ, "ಇದೇ ಭಾರ. ಇಲ್ಲೇ ತಿಂದು ಮುಗಿಸೋಣ" ಎಂದ. ಎಷ್ಟು ಸಮಂಜಸವಾಗಿ ಕೇಳಿಸಿತೆಂದರೆ, ಹುಲ್ಲಿನ ಹೊರೆಯ ಮೇಲೆ ಕುಳಿತು ಕೊನೆಯ ದೋಸೆಯವರೆಗೂ ಶ್ರದ್ಧೆಯಿಂದ ತಿಂದೆವು. ಖಾಲಿ ಕ್ಯಾರಿಯರ್ ಹಿಡಿದು ಮತ್ತೆ ತಕ್ಕಡಿ ಹತ್ತಿದೆವು. ಇನ್ನೂರ ಮೂವತ್ತಾರು. ಆಗಲೇ ನಮಗಿಬ್ಬರಿಗೂ ಸುಕ್ಕ ಎಲ್ಲಿಗೆ ಹೋಗಿದೆಯೆಂಬುದು ಹೊಳೆದದ್ದು. ಬಟ್ಟೆ, ಬೂಟು, ಕೋವಿ, ಚೀಲಗಳದ್ದು ಎಲ್ಲ ಸೇರಿ ಹದಿನೈದು ಕಿಲೋ ಇದ್ದೀತು. ಅವನ್ನು ಕಳಚಿಟ್ಟರೆ ನಾವು ಪೀಠಕ್ಕೆ ಅರ್ಹರೇ. ಆದರೆ ಅಕ್ಟೋಬರಿನ ವಿಕ್ಲೋದಲ್ಲಿ ಆ ಸ್ಥಿತಿಯಲ್ಲಿ ಮರದ ಮೇಲೆ ಕುಳಿತ ಇಬ್ಬರನ್ನು ನೋಡಿದರೆ ಜಿಂಕೆಗಳು ಆ ಜಿಲ್ಲೆಯನ್ನೇ ಬಿಟ್ಟುಹೋದಾವು.

"ಒಬ್ಬೊಬ್ಬರಾಗಿ ಹತ್ತೋಣ. ಅತಿಥಿ ಮೊದಲು" ಎಂದ ಬ್ರೆಂಡನ್. ಕಾಡು ತಲುಪಿ, ಏಣಿಪೀಠವನ್ನು ಮರಕ್ಕೆ ಪಟ್ಟಿಗಳಿಂದ ಬಿಗಿದು, ಮೇಲಿನಿಂದ ಇಳಿಬಿಟ್ಟ ಹಗ್ಗಕ್ಕೆ ನನ್ನ ರಕ್ಷಾಪಟ್ಟಿಯನ್ನು ನೆಲದ ಮೇಲಿದ್ದಾಗಲೇ ಸಿಕ್ಕಿಸಿ, ಅದರ ಗಂಟನ್ನು ಜೊತೆಯಲ್ಲಿ ಸರಿಸಿಕೊಳ್ಳುತ್ತ, ಒಂದೊಂದೇ ಮೆಟ್ಟಿಲು ಹತ್ತಿದೆ. ಏಣಿ ಗೊಣಗಲಿಲ್ಲ. ಕುಳಿತೆ. ಕೆಳಗೆ ನೋಡಿದೆ. ಜರೀಗಿಡಗಳು ಕಂದು ಬಣ್ಣಕ್ಕೆ ತಿರುಗಿದ್ದವು; ಆಚೆಯ ಇಳಿಜಾರಿನ ಮೇಲೆ ಬಿಸಿಲಿನ ತುಂಡೊಂದು ಓಡುತ್ತಿತ್ತು. ಮರದ ಬುಡದಲ್ಲಿ ಚೀಲ, ಕ್ಯಾರಿಯರ್, ಫ್ಲಾಸ್ಕು ಹಿಡಿದು ದಪ್ಪನೆಯ ಮನುಷ್ಯನೊಬ್ಬ ಮೇಲೆ ನೋಡುತ್ತ ನಿಂತಿದ್ದ. ಮಾವಿನ ಮರದವರು ಏಕೆ ನಗುತ್ತಿದ್ದರೆಂಬುದು ಆಗ ತಿಳಿಯಿತು. ನನಗೂ ನಗು ಬಂತು. ಯಾಕೋ ಅದರ ಜೊತೆಗೆ ಕಣ್ಣೂ ಸ್ವಲ್ಪ ಒದ್ದೆಯಾಯಿತು. ಅಷ್ಟರಲ್ಲಿ ಜರೀಗಿಡಗಳ ನಡುವಿನಿಂದ ಒಂದು ಜಿಂಕೆ ಹೊರಬಂದು ನನ್ನ ಕಾಲಡಿಯ ಬಯಲಿನಲ್ಲಿ ನಿಂತಿತು. ಬುಡದಲ್ಲಿದ್ದ ಬ್ರೆಂಡನ್‌ಗೆ ಅದು ಕಾಣುತ್ತಿರಲಿಲ್ಲ. ನಾನೋ ಉಸಿರು ಬಿಡಲಿಲ್ಲ. ಆಗ ಕೆಳಗಿನಿಂದ ಫ್ಲಾಸ್ಕಿನ ಮುಚ್ಚಳ ತಿರುಗಿಸುವ ಶಬ್ದ, ಹಿಂದೆಯೇ ದೊಡ್ಡ ದನಿ: "ಮೇಲೆ ಹೇಗಿದೆ?" ಜಿಂಕೆ ಮಾಯವಾಯಿತು. ಉತ್ತರಕ್ಕಾಗಿ ನನ್ನ ಸಮಸ್ತ ಶಬ್ದಭಂಡಾರವನ್ನು ತಡಕಿದೆ.

"ಗ್ರ್ಯಾಂಡ್" ಎಂದೆ.

ಬ್ರೆಂಡನ್‌ನ ಸರದಿ ಬರುವಷ್ಟರಲ್ಲಿ ಬೆಳಕು ಮಸುಕಾಗಿ, ಬರಿಗೈಯಲ್ಲಿ ಮನೆಗೆ ಬಂದೆವು. ದಾರಿಯಲ್ಲಿ ನಾನು ಮನಸ್ಸಿನಲ್ಲೇ ಒಂದು ಕಳೆಯುವ ಲೆಕ್ಕ ಮಾಡಿದ್ದೆ. ಒಟ್ಟಿನಲ್ಲಿ ಸರಂಜಾಮಿನ ಹದಿನೈದು, ನನ್ನ ತೊಂಬತ್ತೆಂಟು ಕಳೆದರೆ ಉಳಿಯುವುದೆಷ್ಟು? ಊಟಕ್ಕೆ ಕುಳಿತಾಗ ಮೂರನೆಯ ಸಲ ಬಡಿಸಿಕೊಳ್ಳುತ್ತ, "ಪಾಪ, ಬ್ರೆಂಡನ್‌ಗೆ ನೂರ ಇಪ್ಪತ್ತಮೂರು ಕಿಲೋ. ಇನ್ನು ಅವರ ಮನೆಗೆ ಸುಕ್ಕ ಕಳಿಸುವಾಗ ಎಣ್ಣೆ ಕಡಿಮೆ ಮಾಡು" ಎಂದು ಶಶಿಕಲಾಳಿಗೆ ಹೇಳಿದೆ.

ಅವಳ ಕೈಯ ಸೌಟು ನಿಂತಿತು. "ಈಗಷ್ಟೇ ನೋರಾ ಫೋನ್ ಮಾಡಿದ್ಳು. ಬ್ರೆಂಡನ್‌ಗೆ ನಿಮ್ಮದೇ ಚಿಂತೆಯಂತೆ. ನಿಮಗೆ ನೂರ ಇಪ್ಪತ್ತಾರು ಕಿಲೋ ಉಂಟಂತೆ, ಮುಖದೆದುರು ಹೇಗೆ ಹೇಳುದು ಅಂತ ಗೊತ್ತಾಗ್ಲಿಲ್ಲಂತೆ."

"ಶುದ್ಧ ಸುಳ್ಳು! ಅವನು ತನ್ನ ತೂಕವನ್ನು ಕಡಿಮೆ ಹಿಡಿದು ಉಳಿದದ್ದನ್ನೆಲ್ಲ ನನ್ನ ಮೇಲೆ ಹೊರಿಸಿದ್ದಾನೆ" ಎಂದು ಗುಡುಗಿದೆ.

"ಹೌದಾ? ನೀವು ಎಂತ ಮಾಡಿದ್ದು?" ಎಂದಳು. ನಾನು ದೋಸೆಯ ಕಡೆ ನೋಡಿದೆ. "ನಿಮಗೆ ನೂರ ಹನ್ನೊಂದು, ಮಾರಾಯ್ರೆ. ಬಾತ್‌ರೂಮಿನ ತೂಕದ ಮಿಶಿನು ನನ್ನ ಫೋನಿಗೆ ಕಳಿಸ್ತದೆ. ನೀವು ವಾಶ್ ಬೇಸಿನ್ ಹಿಡ್ಕೊಂಡು ನಿಂತಾಗಿನದ್ದೂ ಬರ್ತದೆ, ಕೈ ಬಿಟ್ಟಾಗಿನದ್ದೂ ಬರ್ತದೆ. ಅಂಗಡಿಯವನಿಗೆ ಅನಘಾ ಹೇಳಿದ್ದು ಅದನ್ನೇ."

"ಸಾರಿ, ಡ್ಯಾಡ್" ಎಂದಳು ಅನಘಾ, ಎಳ್ಳಷ್ಟೂ ಸಾರಿಯಿಲ್ಲದ ಧ್ವನಿಯಲ್ಲಿ.

ಯಂತ್ರದಲ್ಲೇನೋ ದೋಷವಿರಬೇಕೆಂದು ನನಗೆ ಗಾಢವಾಗಿ ಅನ್ನಿಸಿತು. ಕೈತೊಳೆದು ಮಹಡಿಗೆ ಹೋಗಿ, ಬಾತ್‌ರೂಮಿನ ಬಾಗಿಲು ಹಾಕಿ, ಎರಡೂ ಕೈಗಳನ್ನು ಗಾಳಿಯಲ್ಲೆತ್ತಿ ಅದರ ಮೇಲೆ ನಿಂತೆ. ಸಂಖ್ಯೆ ನನ್ನ ಕಣ್ಣಿಗೆ ಬೀಳುವ ಮೊದಲೇ ಕೆಳಗಿನಿಂದ ಕೂಗು ಕೇಳಿಸಿತು: "ನೂರ ಹನ್ನೆರಡು! ಊಟ ಆದ ಮೇಲೆ ಯಾರಾದ್ರೂ ಹತ್ತುದುಂಟಾ ಮಾರಾಯ್ರೆ?"

ಆದ್ದರಿಂದ ಈ ಬರಹದ ಮೊದಲಲ್ಲಿ ಒಂದು ಸಂಖ್ಯೆ ತಪ್ಪಾಗಿದೆ. ಬೇರೆಯವರ ಬರಹವಾಗಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಹಿಂದಿರುಗಿಸುತ್ತಿದ್ದೆ. ನನ್ನದೇ ಆದುದರಿಂದ, ಗ್ರ್ಯಾಂಡ್ ಎಂದು ಹಾಗೆಯೇ ಬಿಟ್ಟಿದ್ದೇನೆ.