ಹಳೇ ಪೋನಿಗೆ ಒಂದು ದಪ್ಪ ಕವರು

ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು ಬದುಕುವವನು ತಮಾಷೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಬಾಗಿಲು ತಳ್ಳಿಕೊಂಡು ಬರುತ್ತದೆ. ಲಂಡನ್ನಿನ ಇಲ್ಫರ್ಡ್‌ನಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಮಂಗಳೂರಿನಲ್ಲಿ ಕಲಿತ ವಿದ್ಯೆ ಇಲ್ಲಿ ಮೂವತ್ತು ವರ್ಷದಿಂದ ಅನ್ನ ಹಾಕುತ್ತಿದೆ. ಮದುವೆ ಸೂಟಿನಿಂದ ಹಿಡಿದು ಚರ್ಚಿನ ಪರದೆಯವರೆಗೆ ಎಲ್ಲ ಹೊಲಿದಿದ್ದೇನೆ. ನನ್ನ ಕೈಯಲ್ಲಿ ಆಗದ ಬಟ್ಟೆ ಇಲ್ಲ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೋದ ಚಳಿಗಾಲದ ಈ ಸಂಗತಿಗಳಾದ ಮೇಲಂತೂ ಇಲ್ಲವೇ ಇಲ್ಲ.

೧. ಕವರು

ಕೊಲಿಂಡೇಲ್‌ನಿಂದ ಒಬ್ಬರು ಕರೆ ಮಾಡಿದರು. ಬೆಂಗಳೂರಿನವರು, ಕಂಪ್ಯೂಟರ್ ಕೆಲಸ.

"ಅಂಕಲ್, ನನ್ ಮಗಳ ಹಳೇ ಪೋನಿಗೆ ಒಂದು ದಪ್ಪ ಕವರ್ ಬೇಕಿತ್ತು."

"ಅದು ಎದುರಿನ ಅಂಗಡಿಯಲ್ಲಿ ಸಿಗ್ತದೆ ಮಾರಾಯ್ರೆ. ಚಾರ್ಜರು ಸಹ ಉಂಟು."

"ಅಯ್ಯೋ ಇಲ್ಲ ಅಂಕಲ್, ಇದು ದಿನವಿಡೀ ಮಳೇಲಿ ನಿಂತಿರುತ್ತೆ."

"ಮಳೆಯಲ್ಲಿ ಇಡುದು ಎಂತಕ್ಕೆ?"

"ಮೇಯಕ್ಕೆ."

೨. ಅಳತೆ

ಅವರು ಹೇಳಿದ್ದು ಫೋನಲ್ಲ, ಪೋನಿ. ಗಿಡ್ಡ ಜಾತಿಯ ಕುದುರೆ. ವಯಸ್ಸು ಇಪ್ಪತ್ತೇಳು, ಅಂದರೆ ಕುದುರೆಗಳಲ್ಲಿ ಅಜ್ಜ. ಪಿನ್ನರ್ ಹತ್ತಿರದ ಒಂದು ಲಾಯದಲ್ಲಿತ್ತು. ಅವರ ಹನ್ನೊಂದು ವರ್ಷದ ಮಗಳು ವಾರಕ್ಕೆ ಮೂರು ದಿನ ಹೋಗಿ ಅದರ ಆರೈಕೆ ಮಾಡುತ್ತಿದ್ದಳು.

ಹಿಂದಿನ ಚಳಿಗಾಲದಲ್ಲಿ ಅದರ ಪಕ್ಕೆಲುಬು ಎಣಿಸುವಂತಾಗಿತ್ತಂತೆ. ಈ ಸಲವೂ ಸೊರಗಿದರೆ ಮುದಿ ಕುದುರೆ ಸಾಕುವ ದೂರದ ಫಾರಮ್ಮಿಗೆ ಕಳಿಸಿಬಿಡುತ್ತೇನೆ ಎಂದು ಲಾಯದ ಯಜಮಾನಿ ಹೇಳಿದ್ದಳು. ಅಂದಿನಿಂದ ಹುಡುಗಿ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಅಪ್ಪನ ಅಳಲು. ಅಂಗಡಿಯ ಕವರು ಹಾಕಿದರೆ ಹೆಗಲ ಮೇಲೆ ಉಜ್ಜಿ ಗಾಯವಾಗುತ್ತದೆ, ಅದಕ್ಕೇ ದರ್ಜಿಯ ಕಣ್ಣು ಬೇಕಾಗಿತ್ತು. "ನಾನಿದ್ದೇನಲ್ಲ, ಬಿಡಿ" ಎಂದೆ.

ಭಾನುವಾರ ಹೋಗಿ ನೋಡಿದರೆ ಬೆನ್ನು ಹಳ್ಳ, ಹೆಗಲ ಮೂಳೆ ದಿಬ್ಬ, ಹೊಟ್ಟೆ ಜೋಲು. ನನ್ನ ಅರ್ಧ ಗಿರಾಕಿಗಳ ಮೈಕಟ್ಟೇ, ಹಾಗಾಗಿ ಹೆದರಲಿಲ್ಲ. ಎದೆಯ ನಡುವಿನಿಂದ ಬಾಲದ ತನಕ ಅಳೆಯಬೇಕು. ಐದಡಿ ಟೇಪು ಸಾಲದೆ ಎರಡು ಸಲ ಹಿಡಿದೆ. ಪೋನಿ ಹಾಯಾಗಿ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಮೂವತ್ತು ವರ್ಷದಲ್ಲಿ ಟೇಪು ಕಂಡೊಡನೆ ಹೊಟ್ಟೆ ಒಳಗೆಳೆದುಕೊಳ್ಳದ ಮೊದಲ ಗಿರಾಕಿ ಅದು.

೩. ಕೂದಲು

ಆಮೇಲೆ ಹುಡುಗಿಯ ಅಪ್ಪನೂ ನಾನೂ ಕುದುರೆ ಸಾಮಾನಿನ ಅಂಗಡಿಗೆ ಹೋದೆವು. ಅಲ್ಲಿ ಕುದುರೆಯ ಕವರಿಗೆ ರಗ್ ಎನ್ನುತ್ತಾರೆ. ಒಳಗೆ ತುಂಬಿದ ಪದರ ಎಷ್ಟು ದಪ್ಪ ಎಂಬುದನ್ನು ಚದರ ಮೀಟರಿಗೆ ಇಷ್ಟು ಗ್ರಾಮು ಎಂದು ಹೇಳುತ್ತಾರೆ. ಅಪ್ಪ ನಾನೂರು ಗ್ರಾಮಿನದೇ ಬೇಕೆಂದು ಹಠ ಹಿಡಿದರು. ಎರಡೂ ಕೈಯಲ್ಲಿ ಎತ್ತಿ ನೋಡಿದೆ.

"ಇದನ್ನು ಹೊತ್ತೇ ಅದು ಸೊರಗ್ತದೆ ಮಾರಾಯ್ರೆ" ಎಂದು ವಾಪಸು ಇಟ್ಟೆ.

ಇನ್ನೂರು ಗ್ರಾಮಿನದು, ಕುತ್ತಿಗೆ ಮುಚ್ಚುವಂಥದ್ದು, ನೀರಿಳಿಯದ್ದು: ಇದು ನನ್ನ ತೀರ್ಪು. ಅಂಗಡಿಯಾಕೆಯೂ ತಲೆದೂಗಿದಳು. ಆದರೆ ಮೈಕೂದಲು ಕತ್ತರಿಸಿದ ಕುದುರೆಗೆ ಚಳಿ ಹೆಚ್ಚಂತೆ. ಆಕೆ ಖಚಿತ ಮಾಡಿಕೊಳ್ಳಲು ಅಪ್ಪನನ್ನು ಕೇಳಿದಳು, "ಕೂದಲು ತೆಗೆಸಿದ್ದೀರಾ?"

ಅವರು ಬೋಳುತಲೆ ಸವರಿಕೊಂಡು, "ಇಲ್ಲ, ತಾನಾಗೇ ಉದುರಿದ್ದು" ಎಂದರು.

೪. ಮಾತು

ಹೆಗಲ ಮೂಳೆ ತಾಗುವ ಕಡೆ ಒಳಗಿನಿಂದ ನಾನೇ ಮೆತ್ತನೆಯ ಉಣ್ಣೆ ಪಟ್ಟಿ ಹೊಲಿದುಕೊಟ್ಟೆ. ಅಪ್ಪ ದಿನಾ ಬೆಳಿಗ್ಗೆ ಆಫೀಸಿಗೆ ಮೊದಲು ಲಾಯಕ್ಕೆ ಹೋಗಿ, ರಗ್ಗಿನೊಳಗೆ ಕೈಯಿಟ್ಟು, ಮೈ ಬೆಚ್ಚಗಿದೆಯೇ ನೋಡಿ ನನಗೆ ವರದಿ ಒಪ್ಪಿಸುತ್ತಿದ್ದರು. ಬಕಲು ಹಾಕುವಾಗ ಪೋನಿ ಸತಾಯಿಸಿದರೆ ಅವರ ಬಾಯಿಗೆ ಬರುತ್ತಿದ್ದದ್ದು ಕನ್ನಡವೇ: "ನಿಂತ್ಕೊಳೋ ರಾಜ, ಆಯ್ತು, ಆಯ್ತು."

ಮಾರ್ಚಿನಲ್ಲಿ ತೀರ್ಮಾನದ ದಿನ ನನ್ನನ್ನೂ ಕರೆದರು. ಯಜಮಾನಿ ರಗ್ ತೆಗೆದು ಪಕ್ಕೆಲುಬಿನ ಮೇಲೆ ನಿಧಾನವಾಗಿ ಕೈಯಾಡಿಸಿದಳು. ಹುಡುಗಿ ಅಪ್ಪನ ಕೋಟು ಹಿಡಿದು ನಿಂತಿದ್ದಳು. ಇಷ್ಟೆಲ್ಲ ಜಂಬದ ನಾನೂ ಬಗ್ಗಿ ಹೆಗಲಲ್ಲಿ ಗಾಯ ಹುಡುಕಿದೆ.

"ಗಾಯವಿಲ್ಲ. ಮೈಯೂ ತುಂಬಿದೆ. ಇಲ್ಲೇ ಇರಲಿ" ಎಂದಳು ಯಜಮಾನಿ.

ಹುಡುಗಿ ಅತ್ತೇಬಿಟ್ಟಳು. ನನ್ನ ಕಣ್ಣೂ ಒದ್ದೆಯಾಯಿತು. ಪೋನಿ ಮಾತ್ರ ಯಾರನ್ನೂ ಕೇಳದೆ ಬರಿಮೈಯಲ್ಲೇ ಹುಲ್ಲಿನ ಕಡೆ ನಡೆದಿತ್ತು. ಯಜಮಾನಿ ಇಂಗ್ಲಿಷಿನಲ್ಲಿ ಕರೆದಳು, ಸೀಟಿ ಹೊಡೆದಳು, ಬಕೆಟ್ ಬಡಿದಳು. ಅದು ತಿರುಗಿಯೂ ನೋಡಲಿಲ್ಲ. "ಈಚೆಗೆ ನನ್ನ ಮಾತೇ ಕೇಳುವುದಿಲ್ಲ" ಎಂದು ಗೊಣಗಿದಳು.

ಹುಡುಗಿ ಮೂಗೊರೆಸಿಕೊಂಡು ಕೂಗಿದಳು, "ಬಾರೋ ರಾಜ! ರಗ್ ಹಾಕ್ಕೋ, ಚಳಿ ಆಗುತ್ತೆ!"

ಪೋನಿ ಕಿವಿ ನೆಟ್ಟಗೆ ಮಾಡಿ ದುಡುದುಡು ಓಡಿ ಬಂತು.

ಅಪ್ಪ ಬಾಯಿ ಬಿಟ್ಟುಕೊಂಡು ನಿಂತರು. ಹುಟ್ಟಿದಾಗಿನಿಂದ ಮಗಳೊಡನೆ ಕನ್ನಡದಲ್ಲಿ ಮಾತಾಡಿ ಇಂಗ್ಲಿಷಿನಲ್ಲಿ ಉತ್ತರ ಕೇಳಿಸಿಕೊಂಡೇ ಬಂದವರು ಅವರು.

"ಹನ್ನೊಂದು ವರ್ಷದಲ್ಲಿ ನನ್ ಹತ್ರ ಒಂದ್ ಮಾತು ಕನ್ನಡದಲ್ಲಿ ಆಡಿಲ್ವಲ್ಲೇ ನೀನು!"

ಮಗಳು ಬಕಲು ಹಾಕುತ್ತಲೇ ಹೇಳಿದಳು, "ಬಟ್ ಡ್ಯಾಡಿ, ಯು ಅಂಡರ್‌ಸ್ಟ್ಯಾಂಡ್ ಇಂಗ್ಲಿಷ್. ಹೀ ಡಸೆಂಟ್!"